ಎಂಜಲು ತಾಗಿದ ಕೌದಿ

ಮದುವೆಯಾಗಿ ಈ ಮನೆಗೆ ಬಂದ ದಿನ ನಾನು ಕಂಡ ಮೊದಲ ನೋಟವೆಂದರೆ, ನನ್ನ ವಾರಗಿತ್ತಿ ಹೊಸ ಕೌದಿಯೊಂದರ ಮೇಲೆ ಉಗುಳುತ್ತಿದ್ದದ್ದು. ಬಣ್ಣ ಕಟ್ಟಿ ಹೇಳುತ್ತಿಲ್ಲ. ಮಹಡಿಯ ಕೋಣೆಗೆ ಹೋಗಿ ಬಟ್ಟೆ ಬದಲಾಯಿಸಿಕೋ ಎಂದು ಅತ್ತೆ ಕಳಿಸಿದ್ದರು. ಬಾಗಿಲು ತಳ್ಳಿದರೆ, ಕಿಟಕಿಯ ಪಕ್ಕ ಕೂತ ಹೆಂಗಸೊಬ್ಬಳು ದಾರದ ತುಂಡನ್ನು ಬಾಯಿಗೆ ಹಾಕಿಕೊಂಡು ಹಸು ಮೆಲುಕು ಹಾಕುವ ಹಾಗೆ ಜಗಿಯುತ್ತಿದ್ದಳು. ಜಗಿದ ಉಂಡೆಯನ್ನು ಹೊರತೆಗೆದು, ಮಡಿಲಲ್ಲಿದ್ದ ಕೌದಿಯ ಮೇಲೆ ಒತ್ತಿ ಒತ್ತಿ ಉಜ್ಜಿದಳು. ಅದು ಸಾಲದು ಅನ್ನಿಸಿತೋ ಏನೋ, ಬಗ್ಗಿ ನೇರವಾಗಿಯೇ ಉಗುಳಿದಳು. ಆಮೇಲೆ ತಲೆಯೆತ್ತಿ, "ಬಾ ಬಾ, ನಿಮಗೇ ಇದು" ಎಂದು ನಕ್ಕಳು.

ಅದು ನಮ್ಮ ಹಾಸಿಗೆಗೆಂದು ಅವಳು ಹೊಲಿದ ಮದುವೆಯ ಉಡುಗೊರೆ. ಮೊದಲೇ ನಾನು ಎಲ್ಲದಕ್ಕೂ ಹೇಸಿಗೆ ಪಡುವ ಜೀವ. ಇನ್ನೊಬ್ಬರು ಕುಡಿದ ಲೋಟ ಮುಟ್ಟದವಳು, ಬಸ್ಸಿನ ಕಂಬಿ ಹಿಡಿದರೆ ಮನೆಗೆ ಬಂದು ಮೊಣಕೈವರೆಗೆ ಸೋಪು ಹಚ್ಚುವವಳು. ಆ ಕೌದಿಯನ್ನು ಕಾಲ ಬುಡಕ್ಕೆ ತಳ್ಳಿ ಚಳಿಗಾಲವಿಡೀ ನಡುಗಿಕೊಂಡು ಮಲಗಿದೆ. ನನ್ನ ಗಂಡ ಮಾತ್ರ ಅದನ್ನು ಮೂಗಿನವರೆಗೆ ಎಳೆದುಕೊಂಡು ಗೊರಕೆ ಹೊಡೆದರು.

ಉಗುಳಿದ್ದಕ್ಕೆ ಕಾರಣ ಆಮೇಲೆ ತಿಳಿಯಿತು. ಕೈಯಲ್ಲಿ ಕೌದಿ ಹೊಲಿಯುವವರಿಗೆ ಸೂಜಿ ಚುಚ್ಚುವುದು ತಪ್ಪಿದ್ದಲ್ಲ. ಚುಚ್ಚಿದರೆ ರಕ್ತ, ರಕ್ತ ತಾಗಿದರೆ ಕಲೆ. ಸೋಪು ಹಾಕಿದರೆ ಕಲೆಯ ಜೊತೆ ಬಟ್ಟೆಯ ಬಣ್ಣವೂ ಕದಡುತ್ತದೆ. ಆದರೆ ಒಣಗುವ ಮೊದಲೇ ಬಿಳಿ ದಾರ ಜಗಿದು ಅದರ ತೇವದಿಂದ ಒತ್ತಿದರೆ ಗುರುತೂ ಉಳಿಯುವುದಿಲ್ಲ. ಅದಕ್ಕೂ ಅಕ್ಕನದೊಂದು ಕಾನೂನು; ವಾರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ.

"ಅವರವರ ರಕ್ತಕ್ಕೆ ಅವರವರ ಎಂಜಲೇ ಮದ್ದು ಕಣೇ. ನಿನ್ನ ರಕ್ತಕ್ಕೆ ನಾನು ಉಗುಳಿದ್ರೆ ಹೋಗಲ್ಲ."

"ಸದ್ಯ, ನನ್ನ ಪುಣ್ಯ," ಎಂದೆ.

ಅವಳು ಬಿದ್ದು ಬಿದ್ದು ನಕ್ಕಳು. ಅವತ್ತಿನಿಂದ ನನ್ನನ್ನು ಕರೆಯುತ್ತಿದ್ದದ್ದು ಸೋಪು ಎಂದೇ. "ಸೋಪೂ, ಕತ್ತರಿ ಕೊಡೇ." "ಸೋಪೂ, ಊಟ ಆಯ್ತಾ?" ಅತ್ತೆ ಮಾವ ಕೂಡ ನನ್ನ ಹೆಸರು ಮರೆತರು.

ಅಕ್ಕನ ಕೋಣೆಯಲ್ಲಿ ಎರಡು ಟ್ರಂಕಿನ ಮೇಲೆ ಹಳೆಯ ಬಾಗಿಲೊಂದನ್ನು ಮಲಗಿಸಿದ್ದರು. ಅದೇ ಅವಳ ಕತ್ತರಿಸುವ ಮೇಜು. ಗೋಡೆಯುದ್ದಕ್ಕೂ ಬಾಟಿಕ್ ಬಟ್ಟೆಯ ಕಟ್ ಪೀಸುಗಳ ಗಂಟು. ಬೇರೆ ಬಟ್ಟೆಯನ್ನು ಅವಳು ಮೂಸಿಯೂ ನೋಡುತ್ತಿರಲಿಲ್ಲ. ಮೇಣ ಬಳಿದು ಬಣ್ಣಕ್ಕೆ ಅದ್ದುತ್ತಾರಲ್ಲ, ಆ ಮೇಣ ಒಡೆದಲ್ಲೆಲ್ಲ ಬಣ್ಣ ಒಳಗೆ ನುಗ್ಗಿ ಕೂದಲೆಳೆಯಂಥ ಗೆರೆ ಮೂಡುತ್ತದೆ. ಒಂದು ತುಂಡಿನ ಗೆರೆ ಇನ್ನೊಂದರಲ್ಲಿ ಇರುವುದಿಲ್ಲ. ಎರಡು ತುಂಡು ಜೋಡಿಸುವಾಗ ಈ ಗೆರೆ ಆ ಗೆರೆಗೆ ಹರಿದುಹೋಗುವಂತೆ ಕೂರಿಸಬೇಕು ಎಂಬುದು ಅವಳ ಹುಚ್ಚು. ಅದಕ್ಕಾಗಿ ಇಡೀ ಮಧ್ಯಾಹ್ನ ತುಂಡುಗಳನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ಕೂರುತ್ತಿದ್ದಳು. ಒಲೆಯ ಮೇಲಿಟ್ಟದ್ದು ಸೀದು ಕರಕಲಾದರೂ ಗೊತ್ತಾಗುತ್ತಿರಲಿಲ್ಲ.

ನನಗೋ ಆ ಕೋಣೆಯೆಂದರೆ ಆಗದು. ಬಟ್ಟೆಯಲ್ಲಿ ಉಳಿದ ಮೇಣವನ್ನು ಹಳೆ ಪೇಪರಿನ ನಡುವೆ ಇಟ್ಟು ಇಸ್ತ್ರಿ ಮಾಡಿ ತೆಗೆಯುವಾಗ ಆರಿದ ದೀಪದ ಕಮಟು ವಾಸನೆ ಮನೆಯೆಲ್ಲ ತುಂಬುತ್ತಿತ್ತು. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವುದು, ಅವನ್ನು ತೆಗೆದ ಬೆರಳಲ್ಲೇ ಬಂದು ಪಲ್ಯದ ಉಪ್ಪು ನೋಡುವುದು, ನನ್ನ ತಟ್ಟೆಯ ಅನ್ನದಲ್ಲಿ ಹಸಿರು ದಾರ. ಬಚ್ಚಲಿನಲ್ಲಿ ಸಾಲು ಬಕೆಟ್ಟು. ಹೊಸ ಬಟ್ಟೆಯನ್ನೆಲ್ಲ ಬೇರೆ ಬೇರೆ ತಣ್ಣೀರಲ್ಲಿ ನೆನೆಹಾಕಿ, ಬಿಳಿ ಚಿಂದಿ ಅದ್ದಿ, ಬಣ್ಣ ಬಿಡುತ್ತದೋ ಎಂದು ಪರೀಕ್ಷೆ. ಮಾವ ಸ್ನಾನಕ್ಕೆ ಹೋಗಿ ಹಳದಿ ಮೊಣಕಾಲಿನೊಂದಿಗೆ ಹೊರಗೆ ಬಂದ ದಿನ ಮನೆಯಲ್ಲಿ ದೊಡ್ಡ ಯುದ್ಧವೇ ಆಯಿತು.

"ಎಲ್ಲಾ ಬಣ್ಣನೂ ನಂಬಬಹುದು. ಈ ಕಡು ನೀಲಿ ಮಾತ್ರ ನಂಬಬೇಡ," ಎಂದು ಅವಳು ನನಗೆ ಪಾಠ ಹೇಳುತ್ತಿದ್ದಳು. "ತಣ್ಣೀರಲ್ಲಿ ಸಾಧು. ಕುದಿಯೋ ನೀರು ಕಂಡ್ರೆ ತನ್ನ ಬುದ್ಧಿ ತೋರಿಸ್ತದೆ."

ಕೇಳದಿದ್ದರೂ ಕಲಿತೆ. ಬೇಡವೆಂದರೂ ಸೂಜಿ ಹಿಡಿದೆ. ಅಕ್ಕನ ಪಕ್ಕದಲ್ಲಿ ಕೂತರೆ ಮನೆಯ ಉಳಿದವರ ಪಕ್ಕ ಕೂರುವುದು ತಪ್ಪುತ್ತಿತ್ತು ಎಂಬುದೂ ಒಂದು ಕಾರಣ. ಭಾವ ವಾರಗಟ್ಟಲೆ ಲಾರಿಯ ಮೇಲೆ ಊರೂರು ಸುತ್ತುವವರು. ಅವರಿಲ್ಲದ ಹೊತ್ತಿನಲ್ಲಿ ಅಕ್ಕನ ಸಂಸಾರ ನಾನೇ. ವರ್ಷಗಳು ಹಾಗೇ ಕಳೆದವು. ಈ ಮನೆಯಲ್ಲಿ ಅವಳ ಕೌದಿ ಇಲ್ಲದ ಹಾಸಿಗೆಯಿಲ್ಲ. ಹೊದೆಯದ ನೆಂಟರಿಲ್ಲ. ಎಲ್ಲರೂ ಎರಡೂ ಕೈಯಲ್ಲಿ ಬಾಚಿಕೊಂಡರು.

ನಾದಿನಿ, ಅಂದರೆ ನಮ್ಮಿಬ್ಬರ ಗಂಡಂದಿರ ತಂಗಿ, ತನ್ನ ಮಗಳ ಮದುವೆ ಗೊತ್ತಾದ ಕೂಡಲೇ ಓಡಿ ಬಂದಳು. "ದೊಡ್ಡತ್ತಿಗೆ, ಅಂಗಡೀದು ಬೇಡ. ಮದುಮಕ್ಕಳ ಹಾಸಿಗೆಗೆ ನಿಮ್ಮ ಕೈಯಿಂದ್ಲೇ ಆಗಬೇಕು," ಎಂದು ಕೆನೆಬಣ್ಣದ ನಡುವೆ ಕಡು ನೀಲಿ ಹೂವು ತಾನೇ ಆರಿಸಿ ಹೋದಳು. ಅಕ್ಕ ತುಂಡು ಕತ್ತರಿಸಿ, ಜೋಡಿಸಿ, ಹತ್ತಿಯ ಪದರ ಇಟ್ಟು ಕಚ್ಚಾ ಹೊಲಿಗೆ ಹಾಕಿ ಮುಗಿಸಿದ್ದಳು. ಅಷ್ಟರಲ್ಲಿ ಅವಳ ನಾಲಿಗೆಯ ಕೆಳಗಿದ್ದ ಹುಣ್ಣು ಬರೀ ಹುಣ್ಣಲ್ಲ ಎಂದು ಡಾಕ್ಟರು ಹೇಳಿದರು.

ಕೊಯ್ದರು. ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಕಾಯಿಲೆ ಹೋಯಿತು, ಜೊತೆಗೆ ಅವಳ ಬಾಯಿಯ ತೇವವೂ ಹೋಯಿತು. ನಾಲಿಗೆ ಚಪ್ಪಲಿ ಚರ್ಮದ ಹಾಗೆ ಆಗಿದೆ ಎನ್ನುತ್ತಿದ್ದಳು. ಮಾತು ಮಾತಿಗೆ ಬಾಟಲಿಯಿಂದ ನೀರು ಗುಟುಕರಿಸದಿದ್ದರೆ ತುಟಿ ಹಲ್ಲಿಗೆ ಅಂಟುತ್ತಿತ್ತು.

ಇದು ಅಂಟುಜಾಡ್ಯವಲ್ಲ ಎಂದು ಡಾಕ್ಟರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದರು. ಹೇಳಿ ಏನು ಬಂತು? ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅತ್ತೆ ಅಕ್ಕನ ತಟ್ಟೆ ಲೋಟಕ್ಕೆ ಉಗುರುಬಣ್ಣದಿಂದ ಚುಕ್ಕೆ ಇಟ್ಟು ಕಿಟಕಿಯ ಕಟ್ಟೆಗೆ ಸಾಗಿಸಿದರು. ಅವಳು ಎದ್ದ ಕುರ್ಚಿಯನ್ನು ಮಾವ ಪೇಪರಿನಿಂದ ಒರೆಸಿ ಕೂರುತ್ತಿದ್ದರು. ಅವಳು ಉಪ್ಪು ನೋಡಿದ ದಿನ ಯಾರಿಗೂ ಹಸಿವಿಲ್ಲ. ಇದೇ ಜನ ಇಷ್ಟು ವರ್ಷ ಅವಳ ಎಂಜಲು ತಾಗಿದ ಕೌದಿಯನ್ನು ಮುಖಕ್ಕೆಳೆದುಕೊಂಡು ಮಲಗಿದವರು! ನನಗೆ ಹೇಸಿಗೆ ಹೊಸದಲ್ಲ. ಉಗುಳು ಕಂಡರೆ ಹೇಸಿಗೆ, ಮೇಣದ ವಾಸನೆಗೆ ಹೇಸಿಗೆ. ಆದರೆ ಆ ಚುಕ್ಕೆ ಇಟ್ಟ ತಟ್ಟೆ ನೋಡಿದಾಗ ಬಂದಂಥ ಅಸಹ್ಯ ಅದುವರೆಗೆ ಬಂದಿರಲಿಲ್ಲ. ಜಗಳ ಆಡಿದೆ. ಗಂಡನ ಹತ್ತಿರ ಹೇಳಿದೆ. ಅವರು "ವಯಸ್ಸಾದವರು, ಬಿಡು" ಎಂದರು. ಇವರ ಬಾಯಲ್ಲಿ ಯಾವ ಕಾಯಿಲೆಯೂ ಇಲ್ಲ, ಆದರೂ ಮಾತು ಹೊರಡುವುದಿಲ್ಲ.

ಅಕ್ಕ ಮದುವೆಯ ಕೌದಿಯನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಕೈಯದು ಬೇಕು ಎಂದು ಈ ಕುಟುಂಬದಲ್ಲಿ ಉಳಿದಿದ್ದ ಕೋರಿಕೆ ಅದೊಂದೇ. ಅದು ಮದುಮಕ್ಕಳ ಹಾಸಿಗೆಯ ಮೇಲೆ ಹೋಗಿ ಬಿದ್ದರೆ ತಾನು ಇನ್ನೂ ಮನೆಯವಳೇ ಎಂದು ಅವಳ ಲೆಕ್ಕ. ಕಾಲಬುಡದ ಮೂಲೆಯನ್ನೂ ಅಷ್ಟು ಸಣ್ಣ ಹೊಲಿಗೆಯಲ್ಲಿ ತುಂಬುವುದನ್ನು ನೋಡಿದರೆ ನನಗೆ ತಿಳಿಯದೇ?

ಒಂದು ಬೆಳಿಗ್ಗೆ ಸೂಜಿ ಚುಚ್ಚಿತು. ಕೆನೆಬಣ್ಣದ ನಟ್ಟನಡುವೆ ಕೆಂಪು ಚುಕ್ಕೆ. ಅಕ್ಕ ಅಭ್ಯಾಸಬಲದಿಂದ ದಾರ ಬಾಯಿಗೆ ಹಾಕಿಕೊಂಡಳು. ಜಗಿದಳು, ಜಗಿದಳು, ಹೊರತೆಗೆದು ನೋಡಿದರೆ ದಾರ ಒಣಗಿಕೊಂಡೇ ಇತ್ತು. ನೀರು ಕುಡಿದು ಮತ್ತೆ ಜಗಿದಳು. ಬರೀ ನೀರು ಚುಕ್ಕೆಯನ್ನು ಅಗಲ ಮಾಡಿತು. ಅವಳು ನನ್ನ ಕಡೆ ನೋಡಿದ ನೋಟ ಇತ್ತಲ್ಲ, ಅದನ್ನು ನೋಡಿಕೊಂಡು ಕೂರಲಾಗಲಿಲ್ಲ. ಹೊಸ ದಾರ ಕಿತ್ತು ನನ್ನ ಬಾಯಿಗೆ ಹಾಕಿಕೊಂಡೆ.

"ನಿಂದು ನಡಿಯಲ್ಲ ಕಣೇ ಸೋಪು, ನನ್ನ ರಕ್ತ ಅದು."

"ಸುಮ್ನಿರಕ್ಕ, ನಿನ್ನ ಕಾನೂನಿಗೆ ಬೆಂಕಿ ಹಾಕ."

ಜಗಿದೆ. ಒತ್ತಿದೆ. ಹೋಗಲಿಲ್ಲ. ಕಣ್ಣು ಮುಚ್ಚಿಕೊಂಡು ಉಗುಳಿದೆ. ಥೂ, ಈಗ ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ. ಉಜ್ಜುತ್ತ ಉಜ್ಜುತ್ತ ಕಲೆ ತಿಳಿಯಾಗಿ, ಮಸುಕಾಗಿ, ಇಲ್ಲವಾಯಿತು. ಅಕ್ಕ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಒಣಗಿದ ಬಾಯಲ್ಲೇ ಕೆಮ್ಮು ಬರುವಷ್ಟು ನಕ್ಕಳು. ನಾನು ಎದ್ದು ಹೋಗಿ ಬಾಯಿ ತೊಳೆದೆ, ಎರಡೆರಡು ಸಲ.

ಕೌದಿ ಮುಗಿದ ವಾರ ನಾದಿನಿಯ ಫೋನು ಬಂತು. ಅತ್ತೆಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತು. ನಾನು ಅಡುಗೆಮನೆಯಲ್ಲಿದ್ದೆ.

"ಅಮ್ಮಾ, ದೊಡ್ಡತ್ತಿಗೆ ಅದನ್ನ ಕಾಯಿಲೆ ಬಂದ್ಮೇಲೂ ಹೊಲಿದ್ರಾ? ಬಾಯಿ ಕಾಯಿಲೆ ಅಲ್ವಾ... ಅವರು ದಾರ ಬಾಯಿಗೆ ಹಾಕೋದು ಗೊತ್ತಲ್ಲ ನಿನಗೆ. ಗಂಡಿನ ಕಡೆಯವರಿಗೆ ತಿಳಿದ್ರೆ ಏನಂದ್ಕೋತಾರೆ? ಕುದಿಯೋ ನೀರಲ್ಲಿ ಒಂದ್ಸಲ ಅದ್ದಿ ಎತ್ತಿದ್ರೆ ಆಗ್ತಿತ್ತೇನೋ. ನೀನೇ ಹೇಳು."

"ನಾನು ಹೇಗೆ ಹೇಳ್ಲಿ?" ಎಂದರು ಅತ್ತೆ, ಮನೆಗೆಲ್ಲ ಕೇಳುವ ಹಾಗೆ.

ಕೈಯಲ್ಲಿದ್ದ ಸೌಟನ್ನು ಫೋನಿನ ಮೇಲೆ ಎಸೆಯುವಷ್ಟು ಮೈ ಉರಿಯಿತು. ಮೆಟ್ಟಿಲ ಕಡೆ ನೋಡಿದೆ. ಮೇಲಿನ ಬಾಗಿಲು ಮುಚ್ಚಿತ್ತು. ಅಕ್ಕನಿಗೆ ಕೇಳಿಸಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಪೇಟೆಯಿಂದ ತರಕಾರಿ ತರುವಷ್ಟರಲ್ಲಿ ಬಚ್ಚಲಿನಿಂದ ಹಬೆ ಬರುತ್ತಿತ್ತು. ಮನೆಯ ದೊಡ್ಡ ಪಾತ್ರೆಯಲ್ಲಿ ನೀರು ಮರಳುತ್ತಿತ್ತು. ಅಕ್ಕ ಸ್ಟೂಲಿನ ಮೇಲೆ ಕೂತು ಕೋಲಿನಿಂದ ಕೌದಿಯನ್ನು ಅದರೊಳಗೆ ಅದುಮುತ್ತಿದ್ದಳು. ನೀರು ಶಾಯಿಯಾಗಿತ್ತು. ಕಿತ್ತು ಹೊರಗೆಳೆದೆ, ಕೈ ಸುಟ್ಟಿತು. ಕೆನೆಬಣ್ಣವೆಂಬುದೇ ಇರಲಿಲ್ಲ. ಹೂವಿನ ನೀಲಿ ಇಳಿದು, ಹರಿದು, ಇಡೀ ಕೌದಿ ಪೆಟ್ಟು ಬಿದ್ದ ಮೈಯಂತೆ ಕಂದಿತ್ತು. ಎಷ್ಟು ಮಧ್ಯಾಹ್ನ ಕೂತು ಜೋಡಿಸಿದ ಗೆರೆಗಳು ಎಲ್ಲಿದ್ದವೋ!

"ಏನು ಮಾಡ್ಬಿಟ್ಟೆ ಅಕ್ಕಾ! ನೀಲಿ ಬಿಡುತ್ತೆ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು." ಬಾಟಲಿ ಎತ್ತಿ ಒಂದು ಗುಟುಕು ಕುಡಿದಳು. "ಅಸಹ್ಯ ಪಟ್ಕೊಂಡು ಹೊದ್ಕೋಬಾರದು ಕಣೇ ಮಕ್ಕಳು. ಸ್ವಲ್ಪ ಬಿಡಬಹುದು ಅಂದ್ಕೊಂಡೆ. ಇಷ್ಟು ಅಂದ್ಕೊಂಡಿರಲಿಲ್ಲ."

ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವಳು ನನ್ನ ಸುಟ್ಟ ಕೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡಳು.

ನಾದಿನಿ ಬಂದಳು. ಅಕ್ಕ ಒಣಗಿಸಿ ಮಡಿಸಿದ ಕೌದಿಯನ್ನು ಕೆಳಗೆ ತಂದು ಮೇಜಿನ ಮೇಲಿಟ್ಟು, ತಾನು ನಾಲ್ಕು ಹೆಜ್ಜೆ ದೂರ ನಿಂತಳು. "ಚೆನ್ನಾಗಿ ಕುದಿಸಿದೀನಿ," ಎಂದಳು. ನಾದಿನಿ ಎರಡು ಬೆರಳಿನಲ್ಲಿ ಅಂಚು ಎತ್ತಿ ನೋಡಿದಳು.

"ಅಯ್ಯೋ ದೊಡ್ಡತ್ತಿಗೆ, ಬಣ್ಣ ಎಲ್ಲಾ ಹೋಗಿದ್ಯಲ್ಲ! ಮದುವೆಗೆ ಇದನ್ನ ಹೇಗೆ ಕೊಡೋದು? ಪಾಪ, ಎಷ್ಟು ಕಷ್ಟಪಟ್ಟಿದ್ರಿ." ಲೊಚಗುಟ್ಟಿದಳು. ಕಾಫಿ ಕುಡಿದಳು. ಮಗಳ ಚಿನ್ನದ ವಿಷಯ ಹೇಳಿದಳು. ಕೌದಿ ಮೇಜಿನ ಮೇಲೆಯೇ ಉಳಿಯಿತು.

ಬಿಡಲು ಗೇಟಿನವರೆಗೆ ಹೋದೆ, ನಾಲ್ಕು ಮಾತು ಅನ್ನಬೇಕೆಂದೇ. ಅವಳೇ ಮೊದಲು ನನ್ನ ಕಿವಿಗೆ ಬಾಗಿ, "ಬಣ್ಣ ಹೋಗಿದ್ದು ಒಳ್ಳೇದೇ ಆಯ್ತು ಬಿಡಿ ಚಿಕ್ಕತ್ತಿಗೆ. ಬೇಡ ಅನ್ನೋದು ಹೇಗಪ್ಪಾ ಅಂತ ದಾರಿಯುದ್ದಕ್ಕೂ ಯೋಚನೆ ಆಗಿತ್ತು," ಎಂದಳು. ಪರ್ಸಿನಿಂದ ಸ್ಯಾನಿಟೈಸರಿನ ಸಣ್ಣ ಬಾಟಲಿ ತೆಗೆದು, ಕೌದಿ ಮುಟ್ಟಿದ ಬೆರಳಿಗೆ ಎರಡು ಹನಿ ಬಿಟ್ಟು ತಿಕ್ಕಿಕೊಂಡಳು. ನನಗೂ ಬೇಕಾ ಎಂದು ಚಾಚಿದಳು. ಸೋಪಿನವಳು ಎಂದು ನನಗೆ ಹೆಸರಿದೆಯಲ್ಲ, ತನ್ನ ಜಾತಿಯವಳೇ ಎಂದುಕೊಂಡಿರಬೇಕು.

"ನೀನು ಮುಟ್ಟಿದ್ದನ್ನ ನಾನು ತೊಳೀಬೇಕು. ನಡಿ," ಎಂದು ಗೇಟು ಹಾಕಿದೆ.

ಒಳಗೆ ಬಂದಾಗ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಕೌದಿ ಮಡಿಲಲ್ಲಿತ್ತು. ಬಾಟಲಿ ಖಾಲಿಯಾಗಿತ್ತು. ತುಟಿ ಬಿಡಿಸಿಕೊಂಡು ಮೆಲ್ಲಗೆ ಕೇಳಿದಳು.

"ನಿಜ ಹೇಳು ಸೋಪು. ಬಣ್ಣ ನೋಡಿ ಬೇಡ ಅಂದಳಾ, ನನ್ನ ನೋಡಿ ಬೇಡ ಅಂದಳಾ?"

"ಬಣ್ಣ ನೋಡಿ ಕಣಕ್ಕ," ಎಂದೆ. ಆ ನಾದಿನಿಯ ಮಾನ ಉಳಿಸುವ ಸುಳ್ಳು ನನ್ನ ಬಾಯಿಂದಲೇ ಬರಬೇಕಾಯಿತಲ್ಲ ಎಂದು ಒಳಗೊಳಗೇ ಹೇಸಿಕೊಂಡೆ. "ಬಣ್ಣ ಒಂದು ಸರಿ ಇದ್ದಿದ್ರೆ ತಗೊಂಡು ಹೋಗ್ತಿದ್ಲು."

ಅಕ್ಕನ ಮುಖ ಸಡಿಲಾಯಿತು.

"ಹಾಗಿದ್ರೆ ಸರಿ. ಮದುವೆಗೆ ಇನ್ನೂ ದಿನ ಇದೆ," ಎಂದು ಕಂಬಿ ಹಿಡಿದು ಎದ್ದಳು. "ಬಾ, ತಿಳಿ ಬಣ್ಣದ್ದು ಹುಡುಕೋಣ. ಎಷ್ಟು ಕುದಿಸಿದ್ರೂ ಬಿಡದೇ ಇರೋದು."