ಗೌರಿಯ ಡಬ್ಬಿಗೆ ಕೈ ಹಾಕಬೇಡಿ

ಶ್ರಾವಣದ ಹೊತ್ತಿಗೆ ನಮ್ಮ ಮನೆಯಲ್ಲಿ ಎಲ್ಲರ ಕೈಯೂ ಗಟ್ಟಿಯಾಗಿತ್ತು. ಮಾವನವರು ತಿರುಗಿಸಿದರೆ ನಲ್ಲಿಯೇ ಕಿತ್ತು ಬರುತ್ತಿತ್ತು. ಅತ್ತೆಯ ಭುಜದ ನೋವು ಮಾಯ. ಗಟ್ಟಿಯಾಗದೆ ಉಳಿದದ್ದು ಒಂದೇ ಒಂದು ಕೈ. ಯಾವ ಕೈಗಾಗಿ ಇಷ್ಟೆಲ್ಲ ನಡೆದಿತ್ತೋ, ಅದೇ ಕೈ!

ನನ್ನ ಮಗಳು ಗೌರಿಗೆ ಐದು ವರ್ಷ. ಹುಟ್ಟಿನಿಂದಲೂ ಬಲಗೈಯಲ್ಲಿ ಶಕ್ತಿ ಕಡಿಮೆ. ಈ ವರ್ಷ ಶಾಲೆಗೆ ಸೇರಿಸಿದೆವು. ಮೊದಲ ದಿನವೇ ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂತು. ಮುಚ್ಚಳ ತೆಗೆಯಲು ಆಗಿಲ್ಲ, ಟೀಚರನ್ನು ಕೇಳಲು ನಾಚಿಕೆ. ಹಸಿದುಕೊಂಡೇ ಕೂತಿದ್ದಾಳೆ. ಅವತ್ತು ನನಗೂ ಊಟ ಸೇರಲಿಲ್ಲ.

ಇಳಕಲ್‌ನಿಂದ ಬಸ್ಸು ಹತ್ತಿ ಬಾಗಲಕೋಟೆಯ ಥೆರಪಿ ಸೆಂಟರಿಗೆ ಹೋದೆವು. ಅಲ್ಲಿನ ಮೇಡಂ ಹೋಂವರ್ಕ್ ಕೊಟ್ಟರು. ಬಟ್ಟೆ ಕ್ಲಿಪ್ ಒತ್ತುವುದು, ಸ್ಪಂಜು ಹಿಂಡುವುದು, ಜೋಳದ ಹಿಟ್ಟು ನಾದುವುದು. ಎಲ್ಲ ಬಲಗೈಯಲ್ಲೇ. ಇದರಲ್ಲೇನು ಕಷ್ಟ ಅಂತೀರಾ?

ಗೌರಿ ಹಿಟ್ಟಿಗೆ ಕೈ ಹಾಕಿ ಮುಖ ಕಿವುಚಿದರೆ ಸಾಕು, ಅತ್ತೆಯ ಕರುಳು ಚುರ್ ಅನ್ನುತ್ತದೆ. "ಅಯ್ಯ ನನ್ನ ಕೂಸ, ಕೊಡಿಲ್ಲೆ, ನಾ ಮಾಡ್ತೇನಿ!"

ಹೀಗೆ ಹಿಟ್ಟು ಅತ್ತೆಯ ಪಾಲಾಯಿತು. ಕ್ಲಿಪ್ಪು ಮಾವನವರಿಗೆ. ಸ್ಪಂಜು ನನ್ನ ಗಂಡನಿಗೆ (ಆಫೀಸಿಗೂ ಒಯ್ದಿದ್ದರು). ನಾನು? ಗೌರಿಯ ಗುಂಡಿ, ಚಪ್ಪಲಿ, ತುತ್ತು. ಗೌರಿ ಮಾತ್ರ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಸೂಪರ್‌ವೈಸರ್ ಕೆಲಸ ಮಾಡುತ್ತಿದ್ದಳು.

"ಅಜ್ಜ, ಬರೋಬ್ಬರಿ ಒತ್ತು. ಮೇಡಂ ಬೈತಾರ."

ಮುಂದಿನ ಭೇಟಿಯಲ್ಲಿ ಮೇಡಂ ಗೌರಿಯ ಕೈಗೆ ರಬ್ಬರ್ ಚೆಂಡು ಕೊಟ್ಟರು. ಒತ್ತಿದಳು. ಚೆಂಡಿಗೆ ಗೊತ್ತೇ ಆಗಲಿಲ್ಲ.

"ಮನ್ಯಾಗ ಹೋಂವರ್ಕ್ ಮಾಡೀರಿಲ್ಲೋ?"

"ಒಂದ ದಿನಾನೂ ಬಿಟ್ಟಿಲ್ರಿ!" ಎಂದ ಮಾವನವರು, ಸಾಕ್ಷಿಗೆಂದು ಅದೇ ಚೆಂಡನ್ನು ಹಿಡಿದು ಒತ್ತಿದರು. ಚೆಂಡು ಟುಸ್ಸೆಂದಿತು.

ಮೇಡಂ ಒಮ್ಮೆ ಚೆಂಡು ನೋಡಿದರು, ಒಮ್ಮೆ ನಮ್ಮನ್ನೆಲ್ಲ ನೋಡಿದರು. "ಅಜ್ಜಾರ, ನಿಮ್ಮ ಕೈ ಭಾಳ ಛಲೋ ಆಗೇತಿ. ಆದ್ರ ಪೇಷಂಟ್ ಯಾರ್ರಿ?"

ಹೊಸ ಹೋಂವರ್ಕ್ ಬಂತು. ಈ ಸಲ ನಮಗೆ! ಗೌರಿ ಏನೇ ಮಾಡಲಿ, ನಾವು ಕೈ ಹಿಂದೆ ಕಟ್ಟಿಕೊಂಡು ಕೂರಬೇಕು. ಇದಕ್ಕಿಂತ ಕಠಿಣವಾದ ವ್ಯಾಯಾಮ ಇದೆಯೇ? ಅತ್ತೆ ಅಕ್ಷರಶಃ ತಮ್ಮ ಕೈಗಳ ಮೇಲೆಯೇ ಕೂತುಬಿಟ್ಟರು. ಗೌರಿ ಅತ್ತಳು, ಕ್ಲಿಪ್ ಎಸೆದಳು, ಬೇರೆ ದಾರಿಯಿಲ್ಲದೆ ಮತ್ತೆ ಎತ್ತಿಕೊಂಡಳು. ದೀಪಾವಳಿ ದಾಟಿತು.

ಒಂದು ಭಾನುವಾರ ಡಬ್ಬಿಯೊಳಗೆ ಕರದಂಟು ಹಾಕಿ ಮುಚ್ಚಿ ಅವಳ ಮುಂದಿಟ್ಟೆ. ಎಡಗೈಯಲ್ಲಿ ಡಬ್ಬಿ, ಬಲಗೈ ಮುಚ್ಚಳದ ಮೇಲೆ. ಜಾರಿತು. ಮತ್ತೆ ಜಾರಿತು. ಮಾವನವರು ಗೋಡೆಗೆ ಮುಖ ಮಾಡಿ ನಿಂತರು.

ಅಷ್ಟರಲ್ಲಿ ಹೆಪ್ಪು ಕೇಳಲು ಬಂದಳು ಪಕ್ಕದ ಮನೆಯ ಶಾಂತಕ್ಕ. "ಅಯ್ಯ, ಇಷ್ಟ ಮಂದಿ ಅದೀರಿ, ಕೂಸಿಗೊಂದ ಡಬ್ಬಿ ತಗದ ಕೊಡಾಕ ಆಗಂಗಿಲ್ಲೇನು?" ಎನ್ನುತ್ತ ಕೈ ಚಾಚಿಯೇಬಿಟ್ಟಳು.

"ಮುಟ್ಟಬ್ಯಾಡ್ರೀ!" ಎಲ್ಲರೂ ಒಟ್ಟಿಗೆ ಕಿರುಚಿದೆವು.

ಡಬ್ಬಿಯಲ್ಲಿ ಚೇಳಿದೆ ಅಂದುಕೊಂಡ ಶಾಂತಕ್ಕ ಹಾರಿ ಕಟ್ಟೆ ಹತ್ತಿದಳು. ಆಗಲೇ 'ಟಪ್' ಎಂದಿತು ಮುಚ್ಚಳ! ಕರದಂಟು ನೆಲದ ತುಂಬ. ಗೌರಿ ತನ್ನ ಬಲಗೈಯನ್ನೇ ಬೆರಗಿನಿಂದ ನೋಡುತ್ತಿದ್ದಳು. ನಾನು ಅತ್ತುಬಿಟ್ಟೆ. ಅತ್ತೆಯೂ ಅತ್ತರು (ಕೈಯೆತ್ತಿ ಕಣ್ಣು ಒರೆಸಿಕೊಳ್ಳಬಹುದೇ ಎಂದು ಕೇಳಿ).

ಸೋಮವಾರ ಡಬ್ಬಿ ಖಾಲಿಯಾಗಿ ಬಂತು. ಅಷ್ಟು ಚೆಂದದ ಖಾಲಿ ಡಬ್ಬಿಯನ್ನು ನಾನು ಕಂಡಿದ್ದೇ ಇಲ್ಲ.

ನಿನ್ನೆ ಟೀಚರ್ ಫೋನ್. "ನಿಮ್ಮ ಗೌರಿದು ಒಂದ ಕಂಪ್ಲೇಂಟ್ ಐತ್ರಿ. ಊಟದ ಹೊತ್ತಿಗೆ ಕ್ಲಾಸಿನ ಎಲ್ಲಾರ ಡಬ್ಬಿನೂ ತಾನ ತಗೀತಾಳ. 'ಕೊಡಿಲ್ಲೆ, ನಾ ಮಾಡ್ತೇನಿ' ಅಂತಾಳ. ಯಾರಿಗೂ ಕೈ ಹಚ್ಚಾಕ ಬಿಡವಲ್ಲಳು."

ಇನ್ನು ಆ ಮಕ್ಕಳನ್ನೆಲ್ಲ ಬಾಗಲಕೋಟೆಗೆ ಕರೆದೊಯ್ಯುವವರು ಯಾರು?