ಹೊಂಗೆ ಮರದಡಿಗೆ ಕರೆದ ತಪ್ಪು

ಜನರ ಮನಸ್ಸು ಹೇಗಿದೆ ಎಂದು ಊರೂರಿಗೆ ಹೋಗಿ ಕೇಳುವುದೇ ಒಂದು ಕಾಲಕ್ಕೆ ನನ್ನ ಕೆಲಸವಾಗಿತ್ತು. ಕೆಲಸ ಸಿಕ್ಕಿದ ದಿನ ನಮ್ಮಮ್ಮ ಸೆರಗು ಬಾಯಿಗೊತ್ತಿ ನಕ್ಕಿದ್ದಳು. "ಡಿಗ್ರಿ ಓದಿ ಕಂಡೋರ್ ಮನ್ಗೋಗಿ ಚೆನ್ನಾಗಿದೀರಾ ಅಂತ ಕೇಳಾಕೆ ಸಂಬ್ಳ ಬ್ಯಾರೆ ಕೊಡ್ತಾರಾ? ನಾನು ದಿನಾ ಪುಕ್ಸಟ್ಟೆ ಕೇಳ್ತೀನಲ್ಲೇ!" ನನಗೆ ಸಿಟ್ಟು ಬಂದಿತ್ತು. ನನಗೆ ಸಿಟ್ಟು ಬರುವುದಕ್ಕೆ ಆಗ ದೊಡ್ಡ ಕಾರಣವೇನೂ ಬೇಕಿರಲಿಲ್ಲ.

ನಮ್ಮದು ಕೆ.ಆರ್. ನಗರದ ನಾಲೆ ಬಯಲಿನ ಊರು. ಮೈಸೂರಿನ ಒಂದು ಸಂಶೋಧನಾ ತಂಡದವರು ನಮ್ಮ ತಾಲ್ಲೂಕಿನ ಜೊತೆಗೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳನ್ನೂ ಆರಿಸಿಕೊಂಡಿದ್ದರು. ಜನ ದಿನ ಕಳೆಯುವ ಜಾಗಗಳಲ್ಲಿ, ಅಂದರೆ ಮನೆ, ಹೊಲ, ಅಂಗಡಿ, ಬಸ್ಸು ಇಂಥ ಕಡೆ, ಅವರ ಮನಸ್ಸಿನ ಆರೋಗ್ಯ ಹೇಗಿರುತ್ತದೆ ಎಂದು ತಿಳಿಯುವುದು ಅವರ ಉದ್ದೇಶ. ನನ್ನ ಕೈಗೆ ಒಂದು ಬಟ್ಟೆ ಚೀಲ, ಒಂದು ಕಟ್ಟು ಹಾಳೆ, ಎರಡು ಪೆನ್ನು ಕೊಟ್ಟರು. ಈಗ ಎಲ್ಲ ಟ್ಯಾಬ್‌ನಲ್ಲಿ ಒತ್ತುತ್ತಾರೆ. ಆಗ ಕೈಯಲ್ಲೇ ಬರೆಯಬೇಕಿತ್ತು.

ಆ ಕೆಲಸ ಒಂದೂವರೆ ವರ್ಷ ನಡೆಯಿತು. ಬೆಳಿಗ್ಗೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಒಂದು ಇಡ್ಲಿ ತಿಂದು, ಬಸ್ಸು ಬದಲಿಸಿ, ಯಾವುದೋ ಗೇಟಿನಲ್ಲಿ ಇಳಿದು ಎರಡು ಮೈಲಿ ನಡೆಯುವುದು. ಯಾರ ಮನೆಗೆ ಹೋದರೂ ಮೊದಲು ಮುದ್ದೆ, ಆಮೇಲೆ ಪ್ರಶ್ನೆ. ತಟ್ಟೆ ಬೇಡ ಎಂದರೆ ಉತ್ತರವೂ ಇಲ್ಲ. ಒಂದೇ ದಿನ ಮೂರು ಮನೆಯ ಸೊಪ್ಪಿನ ಸಾರು ಉಂಡು, ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿ, ನಮ್ಮೂರು ದಾಟಿ ಮುಂದೆ ಹೋಗಿ ಇಳಿದದ್ದೂ ಉಂಟು.

ಹಾಳೆಯಲ್ಲಿ ಪ್ರಶ್ನೆಗಳು ಬಹಳ. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಬೇಸರವಾಗಿತ್ತು ಎಂದು ಕೇಳಿದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಗುವರು. "ಬ್ಯಾಸರ ಮಾಡ್ಕಳಾಕೆ ಟೇಮೆಲ್ಲೈತವ್ವ?" ನನಗೆ ಇಷ್ಟವಾಗಿದ್ದದ್ದು ಕೊನೆಯ ಪ್ರಶ್ನೆ ಮಾತ್ರ. ನಿಮ್ಮ ಮನಸ್ಸು ಹಗುರವಾಗುವ ಜಾಗ ಯಾವುದು? ಕೇರಳ ಗಡಿ ಹತ್ತಿರದ ಎನ್. ಬೇಗೂರಿನ ಒಬ್ಬ ಟೀ ಅಂಗಡಿಯವನು ಅರ್ಧ ಕನ್ನಡ ಅರ್ಧ ಮಲಯಾಳಂನಲ್ಲಿ, ಗಿರಾಕಿಗಳೆಲ್ಲ ಬಸ್ಸು ಹತ್ತಿ ಹೋದ ಮೇಲೆ ತನಗೆಂದೇ ಒಂದು ಟೀ ಮಾಡಿಕೊಂಡು ಕುಡಿಯುವ ಬೆಂಚು ಎಂದಿದ್ದ. ನಮ್ಮ ಕಡೆಯ ಒಬ್ಬಳು, "ತವರಿಗೋಗೋ ಬಸ್ಸಲ್ಲಿ. ತವರಲ್ಲಲ್ಲ, ಬಸ್ಸಲ್ಲಿ" ಎಂದಿದ್ದಳು. ಅದನ್ನು ಬರೆದುಕೊಳ್ಳುವಾಗ ನಾನೂ ಅವಳೂ ಬಿದ್ದು ಬಿದ್ದು ನಕ್ಕಿದ್ದೆವು. ಹೀಗೆ ಹೆಸರಿಲ್ಲದೆ ಹೇಳುವುದಕ್ಕೆ ಅವರಿಬ್ಬರ ಒಪ್ಪಿಗೆಯಿದೆ. ಉಳಿದವರ ಮಾತು ಹಾಗಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಿ ಕೊಟ್ಟಿದ್ದೇನೆ. ಆ ಸಹಿ ಈಗಲೂ ಊರ್ಜಿತ.

ಪಿರಿಯಾಪಟ್ಟಣದ ಕಡೆಯ ಒಂದು ಊರಿಗೆ ನಾನು ಮೊದಲು ಹೋದದ್ದು ಆಷಾಢದಲ್ಲಿ. ಹೊಗೆಸೊಪ್ಪು ಮುರಿಯುವ ಕಾಲ. ಬೆಳಿಗ್ಗೆ ಮುರಿದ ಎಲೆಯನ್ನು ಸಂಜೆಯೊಳಗೆ ಉದ್ದನೆಯ ಕೋಲುಗಳಿಗೆ ದಾರದಲ್ಲಿ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಮಣ್ಣಿನ ಮನೆಯೊಳಗೆ ಸಾಲಾಗಿ ನೇತುಹಾಕಿ, ಕೆಳಗೆ ಬೆಂಕಿ ಕೊಡಬೇಕು. ಹಾಗೇ ರಾಶಿ ಬಿಟ್ಟರೆ ಎಲೆ ಬಿಸಿಯೇರಿ ಕಪ್ಪಾಗುತ್ತದೆ. ಒಂದು ಮನೆಯವರಿಗೆ ಇದು ಆಗುವ ಕೆಲಸವಲ್ಲ. ಅದಕ್ಕೇ ಮುಯ್ಯಾಳು. ಇವತ್ತು ನಿಮ್ಮ ಮನೆಯ ಸೊಪ್ಪಿಗೆ ನಾವು ಬರುತ್ತೇವೆ, ನಾಳೆ ನಮ್ಮದಕ್ಕೆ ನೀವು ಬನ್ನಿ. ಕೂಲಿ ಇಲ್ಲ. ಕರೆದರೆ ಹೋಗಬೇಕು, ಹೋದವರ ಮನೆಗೆ ಬರಬೇಕು.

ಆ ಊರಿನ ಕೇರಿಯಲ್ಲಿ ಹತ್ತು ಜನ ಹೆಂಗಸರ ಒಂದು ಗುಂಪಿತ್ತು. ಬ್ಯಾರನ್ ಮುಂದಿನ ಚಪ್ಪರದಲ್ಲಿ ಜೋಡಿ ಜೋಡಿಯಾಗಿ ಎದುರುಬದುರು ಕೂರುತ್ತಿದ್ದರು. ಒಬ್ಬಳು ಎಲೆ ನೀಡುವವಳು, ಇನ್ನೊಬ್ಬಳು ಕಟ್ಟುವವಳು. ಎರಡೆರಡು ಎಲೆ ತೊಟ್ಟು ಜೋಡಿಸಿ ಈಚೆಯವಳು ಚಾಚಬೇಕು, ಆಚೆಯವಳು ನೋಡದೆಯೇ ಹಿಡಿದು ದಾರ ಸುತ್ತಬೇಕು. ಕೈ ಕೈಗೆ ಒಗ್ಗಿದ ಜೋಡಿಗಳು. ಮಾತು, ಜಗಳ, ಸೊಸೆಯರ ದೂರು, ಟೀವಿಯ ಕತೆ ಎಲ್ಲವೂ ಆ ಎಲೆಯ ಜೊತೆಗೇ ಆಚೆಯಿಂದ ಈಚೆಗೆ ಹೋಗುತ್ತಿದ್ದವು.

ಗುಂಪಿಗೆ ಒಬ್ಬ ಅಜ್ಜಿಯೇ ಯಜಮಾನಿ. ಒಣಗಿದ ಕಡ್ಡಿಯ ಹಾಗಿದ್ದಳು, ಗಂಟಲು ಮಾತ್ರ ಮೈಕು. ನಾನು ಹಾಳೆ ತೆಗೆದದ್ದೇ ತಡ, ತಲೆಯೆತ್ತದೆ ಹೇಳಿದಳು. "ಬರ್ಕೊ ಮಗ. ಹತ್ ಜನ. ಎಲ್ಲಾ ಚೆನ್ನಾಗಿದೀವಿ. ಒಟ್ಟಿಗೇ ಬರ್ಕೊಂಡ್ಬುಡು, ಹಾಳೆ ಉಳೀತದೆ."

ಹಾಗೆ ಬರೆಯುವಂತಿರಲಿಲ್ಲ. ಪ್ರತಿ ಊರಿನಲ್ಲೂ ಕೆಲವರನ್ನು ಚೀಟಿ ಎತ್ತಿ ಆರಿಸಿದ್ದರು. ಅವರನ್ನೇ ತಿಂಗಳಿಗೊಮ್ಮೆ ಮೂರು ಸಲ ಕೇಳಬೇಕು, ಮೂರನೆಯವರ ಕಿವಿಗೆ ಬೀಳದ ಹಾಗೆ ಕೇಳಬೇಕು ಎಂದು ಕಟ್ಟಪ್ಪಣೆ. ಆ ಗುಂಪಿನಲ್ಲಿ ಚೀಟಿ ಬಂದದ್ದು ಒಬ್ಬಳಿಗೆ ಮಾತ್ರ. ಮೂವತ್ತರ ಒಳಗಿನ ಹೆಂಗಸು, ಎಚ್.ಡಿ. ಕೋಟೆ ಕಡೆಯಿಂದ ಸೊಸೆಯಾಗಿ ಬಂದವಳು, ಮಾತು ಕಡಿಮೆ. ಅಜ್ಜಿಗೆ ಎಲೆ ನೀಡುತ್ತಿದ್ದವಳು ಅವಳೇ. ನಾನು ಅವಳನ್ನು ಎಬ್ಬಿಸಿ ಚಪ್ಪರದಾಚೆಯ ಹೊಂಗೆ ಮರದಡಿಗೆ ಕರೆದುಕೊಂಡು ಹೋದೆ. ಕಿವಿಗೆ ಕೇಳದಷ್ಟು ದೂರ, ಕಣ್ಣಿಗೆ ಕಾಣುವಷ್ಟು ಹತ್ತಿರ. ಎಂಥ ಒಳ್ಳೆಯ ಜಾಗ ಹುಡುಕಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅವಳು ಏನು ಹೇಳಿದಳೋ ಅದನ್ನು ಬರೆಯುವುದಿಲ್ಲ. ಒಂದೆರಡು ಸಲ ಅವಳು ಕಣ್ಣೊರೆಸಿಕೊಂಡಳು. ಅದನ್ನು ಒಂಬತ್ತು ಜನ ಚಪ್ಪರದಿಂದ ನೋಡಿದರು.

ಶ್ರಾವಣದಲ್ಲಿ ಮತ್ತೆ ಹೋದೆ. ಮತ್ತೆ ಅದೇ ಮರ, ಅವಳೊಬ್ಬಳೇ. ಈ ಸಲ ಚಪ್ಪರದಲ್ಲಿ ಮಾತು ನಿಂತದ್ದು ನನಗೆ ಗೊತ್ತಾಗಬೇಕಿತ್ತು. ಆಗಲಿಲ್ಲ. ನಾನು ಹಾಳೆಯ ಖಾಲಿ ಜಾಗ ತುಂಬುವುದರಲ್ಲಿದ್ದೆ.

ಗೌರಿ ಹಬ್ಬ ಕಳೆದ ವಾರ ಮೂರನೆಯ ಸಲ ಹೋದಾಗ ಅವಳು ಗುಂಪಿನಲ್ಲಿರಲಿಲ್ಲ. ಕೇಳಿದರೆ ಯಾರೂ ಸರಿಯಾಗಿ ಹೇಳಲಿಲ್ಲ. ಅಜ್ಜಿ ತನ್ನ ಎಲೆಯನ್ನು ತಾನೇ ಎತ್ತಿಕೊಂಡು ನಿಧಾನಕ್ಕೆ ಕಟ್ಟುತ್ತಿದ್ದಳು. ನಾನು ಆ ಹೆಂಗಸಿನ ಮನೆಯ ಬ್ಯಾರನ್ ಹತ್ತಿರ ಹೋದೆ. ಅಲ್ಲಿ ಎದೆಯೆತ್ತರ ಹಸಿ ಎಲೆಯ ರಾಶಿ. ಗಂಡ ಬೇರೆ ಊರಿನಿಂದ ಆಳು ತರಲು ಹೋಗಿದ್ದನಂತೆ. ಅವಳೊಬ್ಬಳೇ ಕೂತು, ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ, ಒಂದು ಕೈಯಲ್ಲಿ ಎಲೆ ಎತ್ತಿ ಇನ್ನೊಂದು ಕೈಯಲ್ಲಿ ಸುತ್ತುತ್ತಿದ್ದಳು. ಕಟ್ಟಿ ಮುಗಿಸಿದ್ದು ನಾಲ್ಕೇ ಕೋಲು.

ನನ್ನನ್ನು ಕಂಡು ದಾರ ಬಾಯಿಂದ ತೆಗೆದಳು. "ನೀವು ಬರ್ಬ್ಯಾಡಿ ಕಣಕ್ಕ" ಎಂದಳು. "ನೀವು ಬಂದ್ರೆ ನಮ್ಮನ್ಗೆ ಇನ್ಯಾರೂ ಬರಾಕಿಲ್ಲ."

ಆಮೇಲೆ ಬಿಡಿಸಿ ಹೇಳಿದಳು. ನಾನು ಎರಡು ಸಲ ಅವಳೊಬ್ಬಳನ್ನೇ ಕರೆದದ್ದು ಊರಿನ ಬಾಯಿಗೆ ಬಿದ್ದಿತ್ತು. ಅಷ್ಟು ಜನರಲ್ಲಿ ಮೈಸೂರಿನಿಂದ ಬಂದವರು ಇವಳನ್ನೇ ಏಕೆ ಹುಡುಕಿಕೊಂಡು ಬರಬೇಕು? ಸುಮ್ಮಸುಮ್ಮನೆ ಏಕೆ ಅಳಬೇಕು? ಗಾಳಿ ಸೋಕಿದೆ ಎಂದರು ಕೆಲವರು. ತಲೆ ಸರಿಯಿಲ್ಲ ಎಂದರು ಕೆಲವರು. ಗಾಳಿ ಸೋಕಿದವಳ ಕೈ ಮುಟ್ಟಿದ ಸೊಪ್ಪು ಬ್ಯಾರನ್ ಒಳಗೆ ಹೋದರೆ ಬೆಂಕಿ ಹಿಡಿದೀತು ಎಂದು ಇನ್ಯಾರೋ ಸೇರಿಸಿದರು. ಬೆಂಕಿಯ ಮಾತು ಬಂದ ಮೇಲೆ ಹೊಗೆಸೊಪ್ಪಿನವರು ಯಾರ ಮಾತನ್ನೂ ಕೇಳುವುದಿಲ್ಲ. ಮುಯ್ಯಿಗೆ ಅವಳನ್ನು ಕರೆಯುವುದು ನಿಂತಿತು. ಅವಳು ಹೋಗದ ಮೇಲೆ ಅವಳ ಮನೆಗೆ ಯಾರೂ ಬರುವ ಹಾಗಿಲ್ಲ.

ನನಗೆ ಅಲ್ಲೇ ನೆಲಕ್ಕಿಳಿದು ಹೋಗುವಷ್ಟು ನಾಚಿಕೆಯಾಯಿತು. ಮನಸ್ಸಿನ ಆರೋಗ್ಯ ನೋಡಲು ಬಂದವಳು, ಅವಳ ಪಾಲಿಗಿದ್ದ ಒಂದು ಜೋಡಿಯನ್ನೂ ಕಿತ್ತುಹಾಕಿದ್ದೆ. ಚೀಟಿಯಲ್ಲಿ ಬಂದದ್ದು ಎಂಬ ಒಂದು ಮಾತನ್ನು ಮೊದಲ ದಿನವೇ ಎಲ್ಲರೆದುರು ಹೇಳಿದ್ದರೆ ಆಗುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ.

ಚಪ್ಪರಕ್ಕೆ ವಾಪಸು ಓಡಿದೆ. ಇದು ಬರೀ ಚೀಟಿ, ಅವಳಿಗೆ ಬಂದಂತೆ ನಿಮಗೂ ಬರಬಹುದಿತ್ತು, ಅವಳಿಗೆ ಏನೂ ಆಗಿಲ್ಲ ಎಂದು ಕೂಗಾಡಿದೆ. ಒಬ್ಬಳು ಇನ್ನೊಬ್ಬಳ ಕಡೆ ನೋಡಿದಳು, ಅಷ್ಟೆ. ಊರ ಬಾಯಿಗೆ ನನ್ನಂಥವಳ ಕೂಗು ಯಾವ ಮೂಲೆಗೆ?

ಅಜ್ಜಿ ಮಾತ್ರ ಕಟ್ಟುವುದನ್ನು ನಿಲ್ಲಿಸಿದಳು. "ಆ ಮರದಡಿ ಅವಳು ಏನೇಳುದ್ಲು?"

"ಹೇಳೋ ಹಾಗಿಲ್ಲ ಅಜ್ಜಿ."

"ಏಳ್ಬ್ಯಾಡ ಬುಡು. ಅವಳ್ನ ಕೇಳಿದ್ದನ್ನೇ ನನ್ನ ಕೇಳು."

ನಿನ್ನ ಚೀಟಿ ಬಂದಿಲ್ಲ ಎಂದೆ. "ನಿನ್ ಚೀಟಿ ಒಲೆಗಾಕು" ಎಂದಳು. ಕೈಗೆ ಮೆತ್ತಿದ್ದ ಕಪ್ಪು ಅಂಟನ್ನು ಮಣ್ಣು ಹಾಕಿ ಉಜ್ಜಿ ತೊಳೆದುಕೊಂಡು, ಸೊಂಟದ ಮೇಲೆ ಕೈಯಿಟ್ಟು ಎದ್ದು, ಎಲ್ಲರಿಗೂ ಕಾಣುವ ಹಾಗೆ ಹೊಂಗೆ ಮರದವರೆಗೆ ನಡೆದು ಹೋಗಿ ಕೂತಳು.

ನಾನು ಎಲ್ಲ ಪ್ರಶ್ನೆಗಳನ್ನೂ ಕೇಳಿದೆ. ಎಲ್ಲರ ಪರವಾಗಿ ಚೆನ್ನಾಗಿದೀವಿ ಎಂದಿದ್ದ ಅಜ್ಜಿ ನಾಲ್ಕನೆಯ ಪ್ರಶ್ನೆಗೆ ತನ್ನೊಬ್ಬಳ ಮಾತು ಹೇಳಿದಳು. ಆ ಮಾತುಗಳೂ ಸಹಿಯೊಳಗೆ ಸೇರಿದವು. ಆದರೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡದ್ದು ಚಪ್ಪರದಲ್ಲಿದ್ದ ಎಂಟು ಜನಕ್ಕೂ ಕಂಡಿತು, ಅವಳು ಅವಸರವಿಲ್ಲದೆ ಒರೆಸಿಕೊಂಡದ್ದೂ ಕಂಡಿತು.

ಎದ್ದು ಬಂದು ಗುಂಪಿನ ಮುಂದೆ ನಿಂತಳು. "ಓಗ್ರೇ ಒಬ್ಬೊಬ್ರೇ. ಇವಳು ಕೇಳ್ತಾಳೆ, ನೀವೇಳ್ತೀರ, ಅಷ್ಟೇಯ. ನಂಗೂ ಗಾಳಿ ಸೋಕ್ತು ಅಂದ್ಕಳಿ. ಇನ್ಮೇಲೆ ನನ್ನೂ ಕರೀಬ್ಯಾಡಿ, ನೋಡನ."

ಅಜ್ಜಿಯನ್ನು ಕರೆಯದೆ ಆ ಕೇರಿಯಲ್ಲಿ ಯಾರ ಮನೆಯ ಸೊಪ್ಪು ಕಟ್ಟಿ ಮುಗಿಯುತ್ತಿತ್ತು? ಮೊದಲು ಒಬ್ಬಳು ಎದ್ದಳು. ಆಮೇಲೆ ಇನ್ನೊಬ್ಬಳು. ಮಧ್ಯಾಹ್ನದೊಳಗೆ ಎಂಟು ಜನವೂ ಮರದಡಿ ಕೂತು ಎದ್ದರು. ಕೆಲವರು ನಕ್ಕು ಮುಗಿಸಿದರು, ಕೆಲವರು ನಗಲಿಲ್ಲ. ಕೊನೆಯವಳು ಎದ್ದ ಮೇಲೂ ಸ್ವಲ್ಪ ಹೊತ್ತು ಮರಕ್ಕೆ ಒರಗಿಯೇ ನಿಂತಿದ್ದಳು.

ಅಷ್ಟರಲ್ಲಿ ಅವತ್ತು ಮುಯ್ಯಿಗೆ ಕರೆದಿದ್ದ ಮನೆಯ ಸೊಪ್ಪೂ ಮುಗಿಯುತ್ತ ಬಂದಿತ್ತು. ಅಜ್ಜಿ ತನ್ನ ದಾರದ ಉಂಡೆ ಎತ್ತಿಕೊಂಡು ಹೊರಟಳು. ಉಳಿದವರು ಹಿಂದೆ ಹೊರಟರು. ದಾರಿಯಲ್ಲಿ ಅಜ್ಜಿ ನನ್ನ ತೋಳು ಹಿಡಿದು, ಬೇರೆಯವರಿಗೆ ಕೇಳದ ಹಾಗೆ, "ಅವಳನ್ನ ಕರೀಬ್ಯಾಡಿ ಅಂತ ನಾನು ಅನ್ನಲಿಲ್ಲ ಕಣ್ಮಗ. ಆದ್ರೆ ಕರೀರಿ ಅಂತಾನೂ ಅನ್ನಲಿಲ್ಲ" ಎಂದಳು. ಇದು ಹಾಳೆಯ ಹೊರಗಿನ ಮಾತು. ಇದನ್ನು ಬರೆದರೆ ಅಜ್ಜಿ ಬೈಯುವುದಿಲ್ಲ ಎಂದುಕೊಂಡಿದ್ದೇನೆ.

ಆ ಹೆಂಗಸು ಇನ್ನೂ ದಾರ ಕಚ್ಚಿಕೊಂಡೇ ಕೂತಿದ್ದಳು. ಅಜ್ಜಿ ಅವಳೆದುರು ಕುಕ್ಕರಿಸಿ ಕೋಲನ್ನು ತನ್ನ ಕಡೆಗೆ ಎಳೆದುಕೊಂಡಳು. "ಬಾಯಲ್ಲಿ ಕಟ್ಟಿದ್ ಸೊಪ್ಪು ಯಾವನಿಗ್ ಬೇಕು? ಎಲೆ ನೀಡು" ಎಂದು ಗದರಿದಳು.

ಅವಳು ನೀಡಿದಳು. ಅಜ್ಜಿ ನೋಡದೆಯೇ ಹಿಡಿದು ದಾರ ಸುತ್ತಿದಳು. ನಾನೂ ಸುಮ್ಮನಿರಲಾರದೆ ಎಲೆ ಎತ್ತಿಕೊಡಲು ಕೂತೆ. ನಾನು ಕೊಟ್ಟ ತೊಟ್ಟುಗಳು ಎಲ್ಲ ಉಲ್ಟಾ ಎಂದು ಎಲ್ಲರೂ ನಕ್ಕರು. ನಾಲೆ ನೀರಿನ ಭತ್ತದವಳಿಗೆ ಏನು ಗೊತ್ತು ಎಂದು ಆಡಿಕೊಂಡರು. ಅಷ್ಟು ಹಿತವಾದ ಬೈಗುಳವನ್ನು ನಾನು ಆಮೇಲೆ ಕೇಳಿಲ್ಲ.

ಹೊತ್ತು ಮುಳುಗುವ ಮೊದಲು ರಾಶಿ ಕರಗಿತು. ಗಂಡ ಯಾರೂ ಸಿಗದೆ ಸಪ್ಪೆ ಮುಖದಲ್ಲಿ ಬಂದವನು, ಕಟ್ಟಿಟ್ಟ ಕೋಲುಗಳನ್ನು ನೋಡಿ ಅವನ್ನು ನೇತುಹಾಕಲು ಬ್ಯಾರನ್ ಒಳಗೆ ಹತ್ತಿದ. ಒಲೆಗೆ ಬೆಂಕಿ ಇಡುವಾಗ ಅಜ್ಜಿ ನನ್ನ ಚೀಲದ ಕಡೆ ಕೈ ತೋರಿಸಿದಳು. ಚೀಟಿ ಬಾರದ ಒಂಬತ್ತು ಜನರ ಒಂಬತ್ತು ಹಾಳೆ ನನ್ನ ಹತ್ತಿರವಿದ್ದವು. ಸಂಶೋಧನೆಗೆ ಅವು ಬೇಕಿರಲಿಲ್ಲ. ಒಂದೊಂದಾಗಿ ಒಲೆಗೆ ಹಾಕಿದೆ. ಅವರವರ ಹಾಳೆ ಉರಿಯುವುದನ್ನು ಅವರವರೇ ನಿಂತು ನೋಡಿದರು.

ಉಳಿದದ್ದು ಅವಳ ಮೂರನೆಯ ಹಾಳೆ ಒಂದೇ. ಮರದಡಿಗೆ ಹೋಗೋಣವೇ ಎಂದು ಅವಳ ಕಿವಿಯಲ್ಲಿ ಕೇಳಿದೆ. ಬೇಡ, ಇಲ್ಲೇ ಕೇಳಿ ಎಂದಳು. ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳಲು ಇಷ್ಟವಿಲ್ಲ ಎಂದಳು. ಹಾಗೆನ್ನುವ ಹಕ್ಕು ಅವಳಿಗಿತ್ತು, ಅವನ್ನು ಖಾಲಿ ಬಿಟ್ಟೆ. ಕೊನೆಯದನ್ನು ಮಾತ್ರ ಕೇಳಿದೆ. ಮನಸ್ಸು ಹಗುರವಾಗುವ ಜಾಗ ಯಾವುದು?

ಮೊದಲ ಎರಡು ಸಲ ಅವಳು ಏನು ಹೇಳಿದ್ದಳೆಂದು ನಾನು ಎಂದಿಗೂ ಹೇಳುವುದಿಲ್ಲ. ಈ ಸಲದ್ದನ್ನು ಎಲ್ಲರೆದುರೇ ಹೇಳಿದಳು, ಅದಕ್ಕೇ ಬರೆಯುತ್ತಿದ್ದೇನೆ. ಅಜ್ಜಿಯ ಕಡೆ ಕೈ ಮಾಡಿ, "ಇವರ್ ಎದ್ರುಗೆ" ಎಂದಳು.