ಕುರುಗೋಡಿನ ಕಾದಂಬರಿಯ ಮೊದಲ ಪುಟ

ಮೊನ್ನೆ ಕಂಬಳಿ ಹುಡುಕಲು ಟ್ರಂಕು ತೆಗೆದಾಗ ಒಣ ಬೇವಿನೆಲೆಯ ವಾಸನೆ ಮೂಗಿಗೆ ಬಡಿಯಿತು. ಕಂಬಳಿ ಸಿಗಲಿಲ್ಲ, ದಾರ ಕಟ್ಟಿದ ಕಾಗದದ ಕಟ್ಟು ಸಿಕ್ಕಿತು. ಬಿಚ್ಚುವ ಮೊದಲೇ ಗುರುತು ಹಿಡಿದೆ. ನಾನು ಬರೆಯಲು ಹೊರಟು ಕೈಬಿಟ್ಟ ಐತಿಹಾಸಿಕ ಕಾದಂಬರಿ ಅದು. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಿಮಗಾದರೂ ಹೇಳಿಬಿಡುತ್ತೇನೆ.

ಆಗ ನಾನು ಕುರುಗೋಡಿನಲ್ಲಿ ಸಾಲಿ ಮಾಸ್ತರ. ಬಳ್ಳಾರಿ ಇನ್ನೂ ಮದರಾಸಿನ ಕೈಯಲ್ಲಿತ್ತು. ಮುಂದೆ ಅದು ಕನ್ನಡದವರ ಪಾಲೋ ತೆಲುಗಿನವರ ಪಾಲೋ ಎಂಬ ವಾದ ಹೋಟೆಲಿನ ಚಹಾಕ್ಕಿಂತ ಬಿಸಿಯಾಗಿತ್ತು. ಒಂದು ಕಾದಂಬರಿ ಬರೆದು ಅದನ್ನು ನಾನೇ ತೀರ್ಮಾನಿಸಿಬಿಡುತ್ತೇನೆ ಎಂಬ ಹುರುಪು ನನಗೆ. ಬಳ್ಳಾರಿಯ ಕೌಲ್ ಬಜಾರಿನಿಂದ ಕಾಗದ ತಂದೆ. ಬೆಟ್ಟ ಹತ್ತಿ ಕೋಟೆಯ ಗೋಡೆ ಅಳೆದೆ, ಶಾಸನದ ಕಲ್ಲು ತೊಳೆದು ಅಕ್ಷರ ಬಿಡಿಸಿದೆ. ಅಲ್ಲಿ ಆಳಿದ ಸಿಂದ ಅರಸರ ವಂಶಾವಳಿ, ಸೀಮೆಯ ಗಡಿ, ದೇವಸ್ಥಾನದ ದತ್ತಿ, ಎಲ್ಲ ಸೇರಿ ನಲವತ್ತು ಪುಟವಾಯಿತು. ಅಷ್ಟರಲ್ಲಿ ಕಥೆಯ ಒಬ್ಬನೇ ಒಬ್ಬ ಮನುಷ್ಯ ಬಾಯಿ ತೆರೆದಿರಲಿಲ್ಲ. ನನಗದು ಗೊತ್ತೂ ಆಗಿರಲಿಲ್ಲ.

ಅದನ್ನು ಮೊದಲು ಕೇಳಿದವಳು ನನ್ನ ತಾಯಿಯ ತಂಗಿ, ಸಿರುಗುಪ್ಪದ ಚಿಗವ್ವ. ರವಿವಾರ ಹೋಗಿ ಓದಿದೆ. ಮೂರನೆಯ ಅರಸ ಪಟ್ಟಕ್ಕೇರುವಷ್ಟರಲ್ಲಿ ಆಕೆಗೆ ತೂಕಡಿಕೆ. ನಾನು ಓದು ನಿಲ್ಲಿಸಿದ್ದಕ್ಕೇ ಎಚ್ಚರವಾಯಿತು.

"ಇಷ್ಟು ಮಂದಿ ಬಂದು ಹೋದ್ರಲ್ಲ, ಯಾರಿಗೂ ಹಸಿವಾಗಲಿಲ್ಲೇನಪ್ಪ?" ಅಂದಳು.

ನನ್ನ ಮುಖ ಸಣ್ಣದಾಯಿತು. ಹಿನ್ನೆಲೆ ಹೇಳದಿದ್ದರೆ ಓದುವವರಿಗೆ ಏನೂ ತಿಳಿಯುವುದಿಲ್ಲ ಎಂದು ಪಾಠ ಶುರು ಮಾಡಿದೆ. ಆಕೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳಿಸಿಕೊಂಡಳು. ಆಮೇಲೆ, ಏನೋ ನೆನಪಾದವಳಂತೆ, "ರೊಟ್ಟಿ ಹಂಚಿನ ಮ್ಯಾಲಿತ್ತು, ತಿರುವಿ ಹಾಕಲಿಲ್ಲ, ಹಂಗಽ ಬಿಟ್ಟು ಬಂದೆ" ಅಂದಳು.

ಯಾಕೆ ಬಿಟ್ಟೆ ಎಂದು ನಾನು ಕೇಳಲೇಬೇಕಾಯಿತು. ಊರಿಗೆ ರಜಾಕಾರರು ಬರುತ್ತಾರೆಂದು ಸುದ್ದಿ ಬಂದಿತ್ತಂತೆ. ಆಕೆಯ ಊರು ಹೊಳೆಯಾಚೆ, ನಿಜಾಮನ ಸೀಮೆಯಲ್ಲಿ. ಗಂಡ ಮೊದಲೇ ಈಚೆ ದಾಟಿ ಸಿರುಗುಪ್ಪ ಸೇರಿದ್ದ. ಹುಸೇನಪ್ಪ ಎಂಬ ಅಂಬಿಗ ಹಗಲಲ್ಲೇ ಹರಗೋಲು ತಂದು, ತನಗೆ ಬರಬಹುದಾದ ಅಪಾಯವನ್ನೂ ಲೆಕ್ಕಿಸದೆ, ಆಕೆಯನ್ನೂ ಇಬ್ಬರು ಮಕ್ಕಳನ್ನೂ ದಾಟಿಸಿದ. ಆಕೆಯ ಅತ್ತೆ ಮಾತ್ರ ಬರಲಿಲ್ಲ. ಎಮ್ಮೆ ಬಿಟ್ಟು ಬರುವುದಿಲ್ಲ ಅಂದಳಂತೆ. ಗಲಾಟೆ ಅಡಗಿದ ಮೇಲೆ ಗಂಡ ಹೆಂಡತಿ ಹೋಗಿ ನೋಡಿದರೆ ಅತ್ತೆಯೂ ಇಲ್ಲ, ಎಮ್ಮೆಯೂ ಇಲ್ಲ. ಏನಾದಳೆಂದು ಹೇಳುವವರೂ ಸಿಗಲಿಲ್ಲ.

ಕುರುಗೋಡಿಗೆ ಮರಳುವಾಗ ದಾರಿಯುದ್ದಕ್ಕೂ ನನಗೆ ಒಂದೇ ಚಡಪಡಿಕೆ. ಆಕೆ ನಿಜಾಮನಿಂದ ಶುರು ಮಾಡಲಿಲ್ಲ, ರೊಟ್ಟಿಯಿಂದ ಮಾಡಿದಳು. ಉಳಿದದ್ದನ್ನು ನಾನು ಕೇಳಿದಾಗ, ಕೇಳಿದಷ್ಟೇ ಕೊಟ್ಟಳು. ನಲವತ್ತು ಪುಟ ಬದಿಗಿಟ್ಟು ಹೊಸದಾಗಿ ಬರೆದೆ. ಶತ್ರುಸೈನ್ಯ ಕುರುಗೋಡು ಕೋಟೆಯ ಬಾಗಿಲಿಗೆ ಬಂದಿದೆ, ಸೊಸೆ ಹಂಚಿನ ಮೇಲೆ ರೊಟ್ಟಿ ಬಿಟ್ಟು ಎದ್ದಿದ್ದಾಳೆ. ಮುದುಕಿ ಹೊಸ್ತಿಲ ಮೇಲೆ ನಿಂತು, "ಈ ಮಣ್ಣಲ್ಲಿ ಹುಟ್ಟಿದವಳು ಈ ಮಣ್ಣಲ್ಲೇ ಸಾಯುತ್ತೇನೆ, ನೀವು ಹೋಗಿ" ಅನ್ನುತ್ತಾಳೆ. ಆ ಮಾತು ಬರೆದು ನನಗೇ ಕಣ್ಣೀರು ಬಂದಿತ್ತು. ಚಿಗವ್ವನನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ. ಓದಿ ತೋರಿಸಿದರೆ ಸಂತೋಷಪಟ್ಟಾಳು ಎಂದುಕೊಂಡೆ.

ಓದಿದೆ. ಈ ಸಲ ಆಕೆ ತೂಕಡಿಸಲಿಲ್ಲ. ಮುದುಕಿಯ ಮಾತು ಬಂದಾಗ ಮೊರದ ಮೇಲಿನ ಕೈ ನಿಂತಿತು.

"ಆಕಿ ಹಂಗ ಅನ್ನಲಿಲ್ಲ" ಅಂದಳು.

ಕಾದಂಬರಿಯಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ ಎಂದೆ.

"ಆಕಿ ಏನೂ ಅನ್ನಲಿಲ್ಲಪ್ಪ. ಹಿತ್ತಲದಾಗ ಎಮ್ಮಿ ಹಿಂಡಾಕ ಕುಂತಿದ್ಲು. ನಾನು ಕರೀಲಿಲ್ಲ."

ನಾನು ಹಾಳೆ ಕೆಳಗಿಟ್ಟೆ. ಆಕೆಯೇ ನಿಧಾನಕ್ಕೆ ಹೇಳಿದಳು. ಅತ್ತೆ ಸೊಸೆಗೆ ಮಾತು ನಿಂತು ವರ್ಷವಾಗಿತ್ತಂತೆ. ಅದಕ್ಕೂ ಮೊದಲು ಅತ್ತೆಯ ಬೈಗುಳ, ಅದಕ್ಕೂ ಮೊದಲು ಹೊಡೆತ. ಗಂಡನಿಗೂ, ಅತ್ತೆಯೇ ಬರಲೊಲ್ಲೆ ಅಂದಳೆಂದು ಚಿಗವ್ವ ಹೇಳಿದ್ದಳು.

"ಹರಗೋಲಿನ್ಯಾಗ ಜಾಗ ಇತ್ತು. ಕರದಿದ್ರ ಬರ್ತಿದ್ಲು."

ಇದನ್ನು ಬರೆಯುವುದಿಲ್ಲ ಎಂದು ಆಣೆ ಮಾಡಲು ಹೋದೆ. ಬೇಡವೆಂದು ತಲೆಯಾಡಿಸಿದಳು.

"ಬರೀಬ್ಯಾಡ ಅನ್ನಾಂಗಿಲ್ಲ. ಆಕಿ ಬಾಯಾಗ ದೊಡ್ಡ ಮಾತು ಇಟ್ಟು ನನ್ನ ಉಳಿಸಬ್ಯಾಡ, ಅಷ್ಟಽ."

ಮತ್ತೆ ಮೊರ ಎತ್ತಿಕೊಂಡಳು. ಊಟಕ್ಕೆ ನಿಲ್ಲು ಅಂದಳು, ನಿಂತೆ. ಆಮೇಲೆ ನಮ್ಮಿಬ್ಬರ ನಡುವೆ ಆ ಮಾತು ಬರಲೇ ಇಲ್ಲ. ಬಳ್ಳಾರಿ ಮೈಸೂರಿಗೆ ಸೇರಿತು, ನನ್ನ ಕಾದಂಬರಿಯ ನೆರವಿಲ್ಲದೆಯೇ. ಚಿಗವ್ವ ಹೋಗಿ ಬಹಳ ವರ್ಷವಾಯಿತು.

ಇಷ್ಟು ದಿನ, ಬಿಡುವಿಲ್ಲ, ಇನ್ನೂ ಎರಡು ಶಾಸನ ಓದಬೇಕು ಎಂದು ನೆವ ಹೇಳುತ್ತ ಬಂದೆ. ಹೆದರಿಕೆಗೆ ಹಿನ್ನೆಲೆಯ ಮಾಹಿತಿಯಷ್ಟು ಒಳ್ಳೆಯ ಮರೆ ಇನ್ನೊಂದಿಲ್ಲ. ಇವತ್ತು ಬೆಳಿಗ್ಗೆ ನಾಲ್ಕು ಸಲ ಕೂತು ನಾಲ್ಕು ಸಲ ಎದ್ದೆ. ಐದನೆಯ ಸಲ ಬರೆದೆ: "ಅತ್ತೆ ಹಿತ್ತಲಲ್ಲಿದ್ದಳು. ಸೊಸೆ ಕರೆಯಲಿಲ್ಲ." ಯಾವ ಅರಸ, ಯಾವ ಕಾಲ, ಯಾವ ಹೊಳೆ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ, ಕೇಳಿದಷ್ಟು.